ಮಂದಿ ಹೋಗುವ ತನಕ

ಕೇಂದ್ರ ಕಾರಾಗೃಹ, ಬಳ್ಳಾರಿ
12 ಜೂನ್ 2024

ಪ್ರೀತಿಯ ಅರ್ಚನಾ,

ಡಿ.ಫಾರ್ಮಾ ಮೊದಲ ವರ್ಷ ಪಾಸಾದೆಯಂತೆ. ಅವ್ವ ಫೋನಿನಲ್ಲಿ ಹೇಳಿದಳು. ವಾರಕ್ಕೊಮ್ಮೆ ಐದು ನಿಮಿಷ ಮಾತಾಡಲು ಬಿಡುತ್ತಾರೆ. ಅದರಲ್ಲಿ ನಾಲ್ಕು ನಿಮಿಷ ಅವಳ ಅಳುವಿಗೇ ಹೋಗುತ್ತದೆ. ತಂಗಿಯೊಡನೆ ಮಾತಾಡಬೇಕೆಂದರೆ ನನಗೆ ಕಾಗದವೇ ಗತಿ. ಅಪ್ಪ ಬದುಕಿದ್ದರೆ ಓಣಿಗೆಲ್ಲ ಪೇಢೆ ಹಂಚಿ, ದತ್ತಾತ್ರೇಯ ಮಾಸ್ತರರ ಮಗಳು ಔಷಧಶಾಸ್ತ್ರ ಓದುತ್ತಾಳೆ ಎಂದು ಮೆರೆಯುತ್ತಿದ್ದ.

ಜಯಂತ ವಕೀಲರು ಹೋದ ವಾರ ಬಂದಿದ್ದರು. ನಮ್ಮ ಮೇಲ್ಮನವಿ ಬರುವ ವರ್ಷದ ಆರಂಭದಲ್ಲಿ ಧಾರವಾಡದ ಹೈಕೋರ್ಟಿನಲ್ಲಿ ವಿಚಾರಣೆಗೆ ಬರಬಹುದಂತೆ. ಹೆಂಡತಿ ಬನಶ್ರೀ ನನ್ನ ಕಾಟ ತಾಳದೆ ಕೀಟನಾಶಕ ಕುಡಿದಳು ಎಂದು ಕೆಳಗಿನ ಕೋರ್ಟು ಏಳು ವರ್ಷ ಹಾಕಿತು. ಅವಳು ಕೆಮ್ಮಿನ ಔಷಧವೆಂದು ತಿಳಿದು, ಕಿಟಕಿಯಲ್ಲಿದ್ದ ಕಂಪನಿಯ ಸ್ಯಾಂಪಲ್ ಬಾಟಲಿ ಎತ್ತಿಕೊಂಡಳು ಎಂಬುದು ನಮ್ಮ ವಾದ. ನಾನು ಅಂದು ನಸುಕಿನಲ್ಲೇ ಪುರ್ತಗೇರಿಗೆ ಮಾಲು ಕೊಡಲು ಹೋಗಿದ್ದೆ. ಹನ್ನೊಂದೂವರೆಗೆ ರೋಣದ ಮನೆಗೆ ಬಂದಾಗಲೇ ನನಗೆ ತಿಳಿದದ್ದು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ನ್ಯಾಯಾಧೀಶರ ಒಂದೇ ಪ್ರಶ್ನೆ. ಮನೆ ತುಂಬ ಜನರಿರುವಾಗ ಒಬ್ಬ ಹೆಂಗಸು ಮುಂಜಾನೆಯಿಂದ ವಿಷ ಕುಡಿದು ಬಿದ್ದಿದ್ದರೆ ಯಾರಿಗೂ ತಿಳಿಯಲಿಲ್ಲವೇ? ಇದಕ್ಕೆ ಪುಸ್ತಕದ ಆಧಾರ ಬೇಕು ಎನ್ನುತ್ತಾರೆ ವಕೀಲರು. ವಿಷ ಒಳಗೆ ಹೋದ ಮೇಲೂ ಮನುಷ್ಯ ಎರಡು ಮೂರು ತಾಸು ಬರೀ ಮಲಗಿದ ಹಾಗೆ ಕಾಣಬಹುದೇ? ನಿನ್ನ ಎರಡನೆಯ ವರ್ಷದಲ್ಲಿ ವಿಷಶಾಸ್ತ್ರವೂ ಬರುತ್ತದಲ್ಲ. ಗಮನವಿಟ್ಟು ಓದು, ತಂಗಿ.

ನಿನ್ನ ಅಣ್ಣ,
ಹೇಮಂತ


ನರಗುಂದ
7 ಜುಲೈ 2024

ಪ್ರೀತಿಯ ಅಣ್ಣನಿಗೆ,

ನಿನ್ನ ಅಕ್ಷರ ನೋಡಿ ಎಷ್ಟು ಸಮಾಧಾನವಾಯಿತೆಂದರೆ, ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಮೂರನೆಯ ಸಲ ಅವಳೇ ಕೈಯಲ್ಲಿ ಹಿಡಿದು ಕುಳಿತಳು.

ನಾವು ಮಾಮನ ಮನೆಯ ಮಾಳಿಗೆಯ ಕೋಣೆಯಲ್ಲಿ ಆರಾಮಾಗಿದ್ದೇವೆ. ರೋಣದ ಹಾಗೆ ಇಲ್ಲಿ ಯಾರೂ ನಮ್ಮನ್ನು ಕಂಡು ಮಾತು ನಿಲ್ಲಿಸುವುದಿಲ್ಲ. ಕಾಲೇಜಿನಲ್ಲಿ ನನ್ನ ಅಣ್ಣ ಬಳ್ಳಾರಿಯಲ್ಲಿ ನೌಕರಿ ಮಾಡುತ್ತಾನೆ ಎಂದು ಹೇಳಿದ್ದೇನೆ. ಸಿಟ್ಟಾಗಬೇಡ.

ನಾನು ಈ ಕೋರ್ಸು ಸೇರಿದ್ದೇ ನಿನಗಾಗಿ. ಇದನ್ನು ಬಾಯಿಬಿಟ್ಟು ಎಂದೂ ಹೇಳಿರಲಿಲ್ಲ. ವಿಷದ ಬಗ್ಗೆ ಕೋರ್ಟಿನಲ್ಲಿ ಎಲ್ಲರೂ ಮಾತಾಡುತ್ತಿದ್ದರು, ನನಗೊಬ್ಬಳಿಗೇ ಏನೂ ತಿಳಿಯುತ್ತಿರಲಿಲ್ಲ. ಈಗ ತಿಳಿಯುವ ಕಾಲ ಬಂತು. ನಮಗೆ ಈ ಪಾಠ ಮಾಡುವವರು ಶಶಿಕಾಂತ ಸರ್. ಸಣ್ಣ ಧ್ವನಿ, ಆದರೆ ಹಿಂದಿನ ಬೆಂಚಿನವರೂ ಉಸಿರು ಬಿಗಿಹಿಡಿದು ಕೇಳುತ್ತಾರೆ. ಮೊದಲ ದಿನವೇ ಅಂದರು: "ವಿಷ ಕುಡದವರ ಮನಿಮಂದಿ ದವಾಖಾನಿಗಿಂತ ಮೊದಲ ಔಷಧ ಅಂಗಡಿಗೆ ಓಡಿ ಬರತಾರ. ಆವಾಗ ನೀವು ಮೂರ ಮಾತ ಕೇಳ್ರಿ. ಏನ ಕುಡದಾರ, ಎಷ್ಟ ಕುಡದಾರ, ಯಾವಾಗ ಕುಡದಾರ. ನಾಕನೇ ಮಾತ ಕೇಳಬ್ಯಾಡ್ರಿ, ಯಾಕ ಕುಡದ್ರಂತ. ಅದರಾಗ ಹೊತ್ತ ಹೋಗತದ."

ಯಾವಾಗ ಎಂಬುದೇ ನಮ್ಮ ಪ್ರಶ್ನೆಯೂ ಅಲ್ಲವೇ ಅಣ್ಣ? ಅಂದು ಸವಡಿಯ ಗಂಡಿನವರು ನನ್ನನ್ನು ನೋಡಲು ಒಂಬತ್ತಕ್ಕೆ ಬಂದು ಹನ್ನೊಂದರವರೆಗೆ ಕುಳಿತಿದ್ದರು. ಬನಶ್ರೀ ವೈನಿಗೆ ತಲೆಶೂಲೆ, ಒಳಗೆ ಮಲಗಿದ್ದಾಳೆ ಎಂದು ಅವ್ವ ನನಗೆ ಅಂದಿದ್ದಳು. ನಮಗೆ ಗೊತ್ತಾಗಲಿಲ್ಲ ಎಂಬುದು ಸುಳ್ಳಲ್ಲ. ಅದನ್ನು ನಾನು ಪುಸ್ತಕದಿಂದ ತೋರಿಸಿಕೊಡುತ್ತೇನೆ.

ನಿನ್ನ ತಂಗಿ,
ಅರ್ಚನಾ


ಕೇಂದ್ರ ಕಾರಾಗೃಹ, ಬಳ್ಳಾರಿ
30 ಜುಲೈ 2024

ಪ್ರೀತಿಯ ಅರ್ಚನಾ,

ನೀನು ನನಗಾಗಿ ಓದುತ್ತಿದ್ದೀಯೆಂದು ಬರೆದದ್ದು ಓದಿದೆ. ಅಷ್ಟೆಲ್ಲ ಬರೆಯಬೇಡ. ಇಲ್ಲಿಂದ ಹೋಗುವ ಕಾಗದವನ್ನೂ ಇಲ್ಲಿಗೆ ಬರುವುದನ್ನೂ ಆಫೀಸಿನವರು ಓದುತ್ತಾರೆ.

ನನಗೆ ಈಗ ಇಲ್ಲಿಯ ದವಾಖಾನೆಯಲ್ಲಿ ಗುಳಿಗೆ ಎಣಿಸಿ ಕೊಡುವ ಕೆಲಸ. ರೋಣದಲ್ಲಿ ಕ್ರಿಮಿನಾಶಕ ಮಾರಿದವನು ಇಲ್ಲಿ ಜ್ವರದ ಗುಳಿಗೆ ಹಂಚುತ್ತೇನೆ, ನಗಬೇಡ.

ನೀನು ಹುಡುಕಬೇಕಾದದ್ದು ಇಷ್ಟೇ: ತಡವಾಗಿ ಏರುವ ವಿಷ. ಅಂಥವು ಕೆಲವು ಇವೆ ಎಂದು ಕಂಪನಿಯ ತರಬೇತಿಯಲ್ಲಿ ಕೇಳಿದ್ದೆ. ಒಂದು ಪುಟ, ಅದರ ಮೇಲೆ ನಿಮ್ಮ ಸರ್ ಅವರ ಎರಡು ಸಾಲು, ಒಂದು ಸಹಿ. ಉಳಿದದ್ದರ ಗೊಡವೆ ನಿನಗೆ ಬೇಡ. ಯಾರು ಎಲ್ಲಿದ್ದರು, ಯಾರು ಏನು ನೋಡಿದರು ಎಂಬುದೆಲ್ಲ ಆಗಲೇ ಕೋರ್ಟಿನ ಕಾಗದದಲ್ಲಿದೆ.

ಅವ್ವನ ರಕ್ತದೊತ್ತಡದ ಗುಳಿಗೆ ತಪ್ಪಿಸಬೇಡ.

ಹೇಮಂತ


ನರಗುಂದ
25 ಆಗಸ್ಟ್ 2024

ಪ್ರೀತಿಯ ಅಣ್ಣನಿಗೆ,

ಪುಟ ಸಿಕ್ಕಿತು! ಕೊಬ್ಬಿನಲ್ಲಿ ಕರಗುವ ಕೆಲವು ಕೀಟನಾಶಕಗಳು ಮೈಯಲ್ಲಿ ಅಡಗಿ ಕುಳಿತು, ತಾಸುಗಟ್ಟಲೆ, ಕೆಲವೊಮ್ಮೆ ಒಂದು ದಿನದ ಮೇಲೆ ತಮ್ಮ ಗುಣ ತೋರಿಸುತ್ತವೆ. ಪುಸ್ತಕ ಹಿಡಿದು ಓಡುತ್ತ ಸರ್ ಅವರ ಕೋಣೆಗೆ ಹೋದೆ. ನಮ್ಮ ಪರಿಚಯದವರ ಮನೆಯಲ್ಲಿ ಹೀಗಾಗಿತ್ತು ಎಂದಷ್ಟೇ ಹೇಳಿದೆ.

ಸರ್ ಪುಟ ನೋಡಿದರು, ನನ್ನ ಮುಖ ನೋಡಿದರು. "ಆ ಬಾಟಲಿ ಯಾವ ಔಷಧದ್ದು?" ಎಂದರು. ತೀರ್ಪಿನಲ್ಲಿದ್ದ ಹೆಸರು ಹೇಳಿದೆ. ತಲೆ ಅಲ್ಲಾಡಿಸಿದರು.

"ಇದು ಆ ಜಾತೀದಲ್ಲ ತಂಗಿ. ಇದು ಲಗೂ ಏರತದ. ಅರ್ಧ ತಾಸಿನ್ಯಾಗ, ಭಾಳಂದ್ರ ಒಂದು ತಾಸಿನ್ಯಾಗ ನೋಡವರಿಗೆ ಗೊತ್ತಾಗೇ ಆಗತದ. ಮುಚ್ಚಿ ಇಡೂ ಅಂಥಾ ವಿಷ ಅಲ್ಲ ಇದು."

ಆದರೂ ಕೈಬಿಡಲಿಲ್ಲ ನಾನು. ಹೊಟ್ಟೆ ತುಂಬಿದ್ದರೆ, ಕುಡಿದದ್ದು ಕಡಿಮೆಯಿದ್ದರೆ ತಡವಾಗಬಹುದಲ್ಲ ಎಂದು ವಾದಿಸಿದೆ. ಸರ್ ಸಿಟ್ಟಾಗಲಿಲ್ಲ. ದವಾಖಾನೆಗೆ ತಂದಾಗ ಕಣ್ಣಿನ ಪಾಪೆ ಹೇಗಿತ್ತು, ಹೊಟ್ಟೆ ತೊಳೆದಾಗ ಏನು ಬಂತು, ಬಟ್ಟೆಗೆ ವಾಸನೆ ಇತ್ತೇ, ಇವು ಗೊತ್ತಿಲ್ಲದೆ ನಾನು ಒಂದು ಅಕ್ಷರವನ್ನೂ ಬರೆಯಲಾರೆ ಎಂದರು. ಕೇಸ್ ಶೀಟಿನ ಪ್ರತಿ ತೆಗೆಸಿಕೊಂಡು ಬಾ ಎಂದರು.

ವಕೀಲರ ಬಳಿ ಅದು ಇದ್ದೇ ಇರುತ್ತದೆ. ನನಗೆ ಕೊಡಲು ಅವರಿಗೆ ಒಂದು ಸಾಲು ಬರೆಯುತ್ತೀಯಾ? ಹೆದರಬೇಡ ಅಣ್ಣ. ವೈನಿ ಕುಡಿದದ್ದು ತಡವಾಗಿಯೇ ಇರಬಹುದು, ಸವಡಿಯವರು ಹೊರಟ ಮೇಲೆ ಇರಬಹುದು. ಕೇಸ್ ಶೀಟು ನೋಡಿದರೆ ಅದೂ ತಿಳಿಯುತ್ತದೆ.

ಅರ್ಚನಾ


ಕೇಂದ್ರ ಕಾರಾಗೃಹ, ಬಳ್ಳಾರಿ
14 ಸೆಪ್ಟೆಂಬರ್ 2024

ಅರ್ಚನಾ,

ಕೇಸ್ ಶೀಟು ಬೇಡ. ಆ ಸರ್ ಕೂಡ ಬೇಡ, ವಕೀಲರು ಬೇರೆ ದಾರಿ ನೋಡುತ್ತಾರೆ. ನಾನು ಕೇಳಿದ್ದು ಒಂದು ಪುಟ. ನೀನು ವಿಚಾರಣೆ ಶುರು ಮಾಡಿದೆ.

ಊರಿನಲ್ಲಿ ಹೆಸರು ಹೇಳಿ ಕೇಳುತ್ತ ಹೋದರೆ ನಾಳೆ ನಿನ್ನ ಕಾಲೇಜಿಗೂ ಸುದ್ದಿ ಮುಟ್ಟುತ್ತದೆ. ನಿನ್ನ ಓದು ನೀನು ಓದು. ಅವ್ವನನ್ನು ಆ ದಿನದ ಬಗ್ಗೆ ಏನೂ ಕೇಳಬೇಡ, ಅವಳ ಎದೆ ಗಟ್ಟಿಯಿಲ್ಲ. ಇದು ಅಣ್ಣನ ಮಾತು ಎಂದು ತಿಳಿ.

ಹೇಮಂತ


ನರಗುಂದ
2 ಡಿಸೆಂಬರ್ 2024

ಅಣ್ಣನಿಗೆ,

ಎರಡೂವರೆ ತಿಂಗಳು ಬರೆಯಲಿಲ್ಲ. ನಿನ್ನ ಮಾತು ಕೇಳಿ ಸುಮ್ಮನಿದ್ದೆ ಎಂದುಕೊಂಡಿರಬೇಕು. ಮೊದಲು ಸುಮ್ಮನೇ ಇದ್ದೆ.

ಅಕ್ಟೋಬರಿನಲ್ಲಿ ಸರ್ ಕೀಟನಾಶಕದ ಪಾಠ ಮಾಡಿದರು. ಬೋರ್ಡಿನ ಮೇಲೆ ಒಂದು ಮನುಷ್ಯನ ಆಕಾರ ಬರೆದು ಒಂದೊಂದೇ ಅಂಗ ತೋರಿಸುತ್ತ ಹೋದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ. ಬಾಯಿಂದ ಜೊಲ್ಲು ನಿಲ್ಲುವುದಿಲ್ಲ. ಮೈ ಬೆವರಿ ತೊಪ್ಪೆಯಾಗುತ್ತದೆ. ತೊಗಲಿನ ಕೆಳಗೆ ಮಾಂಸ ತಾನೇ ಮಿಡಿಯುತ್ತದೆ. ಎದೆಯಲ್ಲಿ ನೀರು ತುಂಬಿ ಉಸಿರು ಗೊರಗುಟ್ಟುತ್ತದೆ. ಆಮೇಲೆ ನಮ್ಮ ಕಡೆ ತಿರುಗಿ, "ಯಾರರ ಇಂಥಾ ಪೇಶಂಟ್ ಕಣ್ಣಾರೆ ನೋಡೀರೇನು?" ಎಂದರು.

ಯಾರೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆದರೆ ನಾನು ನೋಡಿದ್ದೆ ಅಣ್ಣ.

ಇದನ್ನು ನಿನಗೂ ಹೇಳಿಲ್ಲ, ಕೋರ್ಟಿನಲ್ಲೂ ಹೇಳಿಲ್ಲ. ಅಂದು ಮುಂಜಾನೆ ನಾನು ಸೀರೆ ಉಡಿಸಿಕೊಳ್ಳಲು ಪಕ್ಕದ ಮನೆಗೆ ಹೋಗಿ, ಒಂಬತ್ತಕ್ಕೆ ಸ್ವಲ್ಪ ಮುಂಚೆ ಮರಳಿದ್ದೆ. ಸವಡಿಯವರು ಬಂದು ಕುಳಿತ ಮೇಲೆ ಶಂಕರಪೋಳಿ ಡಬ್ಬಿ ತರಲು ಅವ್ವ ನನ್ನನ್ನು ಹಿಂದಿನ ಕೋಣೆಗೆ ಕಳಿಸಿದ್ದಳು. ಆಗ ಒಂಬತ್ತೂ ಕಾಲು. ವೈನಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಇಸ್ತ್ರಿ ಮುರಿಯದ ಸೀರೆ, ನೀರೆರೆದ ಹಸಿ ಕೂದಲು. ದಿಂಬು ಜೊಲ್ಲಿನಿಂದ ಒದ್ದೆ. ತೋಳಿನ ಮಾಂಸ ಇರುವೆ ಹರಿದ ಹಾಗೆ ಅದುರುತ್ತಿತ್ತು. ನನ್ನ ಕಡೆ ಕಣ್ಣು ತಿರುಗಿಸಿದಳು, ಪಾಪೆ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದು. ಹೊರಗೆ ಬಂದು ಅವ್ವನ ಕಿವಿಯಲ್ಲಿ ಹೇಳಿದೆ. "ಪಿತ್ತ ಆಗೇತಿ. ಮಂದಿ ಕುಂತಾರ, ಸುಮ್ಕಿರು" ಎಂದಳು. ನನಗೆ ಹದಿನೆಂಟು. ತಾಟಿಗೆ ಶಂಕರಪೋಳಿ ಹಾಕಿಕೊಂಡು ಹೋಗಿ ಹುಡುಗನ ಮುಂದೆ ಹಿಡಿದೆ.

ನಾನು ಕಂಡದ್ದು ಏನೆಂದು ತಿಳಿಯಲು ಮೂರು ವರ್ಷ, ಒಂದು ಕೋರ್ಸು ಬೇಕಾಯಿತು.

ಅವ್ವನನ್ನು ಕೇಳಿದೆ. ಹೌದು, ನಿನ್ನ ಮಾತು ಮೀರಿ ಕೇಳಿದೆ. "ನನ್ನ ಪರೀಕ್ಷಾ ತಗೊಳ್ಳಾಕ ಸಾಲಿ ಕಲ್ತಿಯೇನ? ಎಲ್ಲಾ ನಿಮ್ಮಣ್ಣಗ ಗೊತ್ತೈತಿ, ಅವನ್ನ ಕೇಳು" ಎಂದು ಎದ್ದು ಹೋದಳು. ಎರಡು ದಿನ ಉಣ್ಣಲಿಲ್ಲ.

ಆಮೇಲೆ ರೋಣಕ್ಕೆ ಹೋದೆ. ಅಂದು ವೈನಿಯನ್ನು ದವಾಖಾನೆಯಲ್ಲಿ ಇಳಿಸಿಕೊಂಡ ನರ್ಸ್ ಖಾಜಾಬಿ ಈಗ ನಿವೃತ್ತರಾಗಿ ಮನೆಯಲ್ಲಿದ್ದಾರೆ. ನನ್ನನ್ನು ಗುರುತು ಹಿಡಿದರೂ ಒಳಗೆ ಕರೆದರು. "ಹೊಟ್ಟಿ ತೊಳದ್ರ ತಿಳಿ ನೀರ ಬಂತವ್ವಾ. ವಿಷ ಅಷ್ಟೊತ್ತಿಗೆ ರಕ್ತಕ್ಕ ಇಳದಿತ್ತು. ತಲಿ ಸೀಗಿಕಾಯಿ ವಾಸನಿ ಹೊಡೀತಿತ್ತು. ಇಷ್ಟ ಚಂದ ಎರಕೊಂಡು ಯಾರ ಸಾಯಾಕ ಬರತಾರಂತ ನಾ ಅವತ್ತ ಅಂದ್ಕೊಂಡೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ವಿಷ ಕುಡಿದವರ ಬಟ್ಟೆ ತೆಗೆದು, ಕೂದಲಿಗೆ ಸಾಬೂನು ಹಾಕಿ ತೊಳೆಯಬೇಕು ಎಂದು ನಮ್ಮ ಪುಸ್ತಕದಲ್ಲಿ ಮೊದಲಿಗೇ ಇದೆ. ವೈನಿಗೆ ಅದನ್ನು ಯಾರೋ ಮಾಡಿದ್ದರು. ಉಳಿಸಲಿಕ್ಕಲ್ಲ, ವಾಸನೆ ಹೋಗಲಿ ಎಂದು.

ಯಾರು ಅಣ್ಣ? ನೀನು ಪುರ್ತಗೇರಿಗೆ ಹೋಗಿಯೇ ಇರಲಿಲ್ಲ, ಹೌದೇ? ಬಾಟಲಿ ಅವಳ ಕೈಗೆ ಕೊಟ್ಟವನೂ ನೀನೇ ಏನು? ಹಿಂದಿನ ಸಂಜೆ ನೀವಿಬ್ಬರೂ ಜಗಳಾಡಿದ್ದು ನನಗೆ ಕೇಳಿಸಿತ್ತು. ಅದನ್ನೂ ನಾನು ಕೋರ್ಟಿನಲ್ಲಿ ನುಂಗಿದೆ.

ಉತ್ತರ ಬರೆ.

ಅರ್ಚನಾ


ನರಗುಂದ
11 ಜನವರಿ 2025

ಹೇಮಂತನಿಗೆ,

ನಲವತ್ತು ದಿನವಾಯಿತು. ನಿನ್ನ ಮೌನವನ್ನು ನಾನು ಹೌದು ಎಂದೇ ಓದುತ್ತಿದ್ದೇನೆ. ಕೊಲೆಗಾರನಿಗೆ ಆಧಾರ ಹುಡುಕಿಕೊಡಲು ನಾನು ಓದುತ್ತಿರಲಿಲ್ಲ.

ಅರ್ಚನಾ


ಬಳ್ಳಾರಿ
2 ಫೆಬ್ರುವರಿ 2025

ಅರ್ಚನಾ,

ಇದನ್ನು ಜಯಂತ ವಕೀಲರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿದೆ, ಅವರು ಓದಿಲ್ಲ. ನೀನು ಓದಿ ಸುಟ್ಟುಬಿಡು.

ಕೊಲೆಗಾರ ಎಂದು ಬರೆದೆ. ಇಲ್ಲಿ ಆ ಶಬ್ದ ದಿನಾ ಕೇಳುತ್ತೇನೆ, ಆದರೆ ನಿನ್ನ ಅಕ್ಷರದಲ್ಲಿ ನೋಡಿದ್ದು ಬೇರೆ.

ನಾನು ಪುರ್ತಗೇರಿಯಲ್ಲೇ ಇದ್ದೆ. ಬನಶ್ರೀಗೆ ನಾನು ಬಾಟಲಿ ಕೊಡಲಿಲ್ಲ. ಆಕೆ ತಾನೇ ಕುಡಿದಳು, ಮತ್ತು ಏನು ಕುಡಿಯುತ್ತಿದ್ದೇನೆಂದು ಗೊತ್ತಿದ್ದೇ ಕುಡಿದಳು. ಸವಡಿಯವರಿಗೆ ಅವ್ವ ಹೇಳಿಕಳಿಸಿದ್ದು ನಿನಗೆ ಗೊತ್ತಿಲ್ಲ. ಮಗ ಜಾತಿ ಬಿಟ್ಟು ನೇಕಾರರ ಹುಡುಗಿಯನ್ನು ಮಾಡಿಕೊಂಡಿದ್ದು ಹೌದು, ಈಗ ಬಿಟ್ಟಿದ್ದಾನೆ, ಅವಳು ಗಜೇಂದ್ರಗಡದ ತವರಿಗೆ ಹೋಗಿದ್ದಾಳೆ ಎಂದು ಹೇಳಿದ್ದಳು. ಹಾಗೆ ಹೇಳದಿದ್ದರೆ ಅವರು ನಿನ್ನನ್ನು ನೋಡಲು ಬರುತ್ತಿರಲಿಲ್ಲ. ಹಿಂದಿನ ಸಂಜೆ ಅವ್ವ ಬನಶ್ರೀಗೆ ಹಿಂದಿನ ಕೋಣೆ ಬಿಟ್ಟು ಹೊರಗೆ ಬರಬೇಡ ಎಂದಳು. ಆಕೆ ನನ್ನನ್ನು ಕೇಳಿದಳು, "ನನ್ನ ಬಿಟ್ಟೀರಿ ಅಂತ ಹೇಳೀರಂತ, ಖರೇ ಏನ್ರಿ?" ನಾನು, "ಒಂದ ದಿನದ ಮಾತ, ಅರ್ಚನಾನ ಲಗ್ನ ಆಗೂದು ಬ್ಯಾಡೇನ?" ಎಂದೆ. ನೀನು ಕೇಳಿಸಿಕೊಂಡ ಜಗಳ ಇದು.

ಮುಂಜಾನೆ ಎಂಟೂ ಇಪ್ಪತ್ತಕ್ಕೆ ಅವ್ವ ಫೋನ್ ಮಾಡಿದಳು. ನಾನು ದ್ಯಾವಪ್ಪನೆಂಬ ರೈತನ ಕಡಲೆ ಹೊಲದಲ್ಲಿ ನಿಂತಿದ್ದೆ. "ಕಿಡಕ್ಯಾಗಿನ ಬಾಟ್ಲಿ ಕುಡದಾಳ" ಎಂದಳು. "ಅದರ ಮ್ಯಾಲಿನ ತ್ರಿಕೋನ ಯಾವ ಬಣ್ಣದ್ದೈತಿ?" ಎಂದೆ. "ಕೆಂಪ" ಎಂದಳು. ಕೆಂಪು ಎಂದರೆ ಎಲ್ಲಕ್ಕಿಂತ ಉಗ್ರ ವಿಷವೆಂದು ನನಗೆ ಗೊತ್ತಿಲ್ಲವೇ? ಹತ್ತು ವರ್ಷ ಮಾರಿದ್ದೇನೆ. "ಉಪ್ಪನೀರ ಕುಡಿಸೀನಿ, ವಾಂತಿ ಮಾಡ್ಯಾಳ, ಎಲ್ಲಾ ಹೊರಗ ಬಂದೈತಿ. ಎರದು ಸೀರಿ ಬದಲ ಮಾಡೀನಿ. ಈಗ ಚಲೋ ಅದಾಳ. ಇವರು ಒಂಬತ್ತಕ್ಕ ಬರತಾರ, ಏನ ಮಾಡ್ಲೋ?" ಎಂದಳು. ಆ ಮನೆಗೆ ಹಿತ್ತಲ ಬಾಗಿಲಿಲ್ಲ. ಹೊರಗೆ ತರಬೇಕಾದರೆ ಪಡಸಾಲೆಯಿಂದಲೇ ತರಬೇಕು.

ನಾನು ಹೇಳಿದೆ: "ಮಂದಿ ಹೋಗೂತನಕ ತಡಿ. ನಾ ಬರತೀನಿ."

ಫೋನ್ ಇಟ್ಟು ದ್ಯಾವಪ್ಪನಿಗೆ ಔಷಧ ಹೇಗೆ ಕಲೆಸಬೇಕು ಎಂದು ತೋರಿಸಿದೆ. ಕೈಗೆ ಚೀಲ ಕಟ್ಟಿಕೋ, ಗಾಳಿಗೆ ಎದುರು ಹೊಡೆಯಬೇಡ ಎಂದೆ. ಮತ್ತೆ ರಾಜೂರಿಗೂ ಹೋಗಿ ಇನ್ನೊಬ್ಬರಿಗೆ ಮಾಲು ಇಳಿಸಿದೆ. ಬೇಗ ಹೋದರೆ ಸವಡಿಯವರ ಎದುರಿಗೆ ಬೀಳುತ್ತೇನೆ ಎಂದು ಹೊತ್ತು ಕಳೆದೆ. ಇದು ನಡೆದದ್ದು.

ಈಗ ನನ್ನ ಮಾತು ಕೇಳು. ನಿನ್ನ ಒಳಿತಿಗೆಂದೇ ಇಷ್ಟೆಲ್ಲ ಆಯಿತು. ಕೋರ್ಟಿನಲ್ಲಿ ನಾನು ಬಾಯಿ ಮುಚ್ಚಿದ್ದು ಅವ್ವ ಉಳಿಯಲಿ, ನಿನಗೆ ಇದು ಎಂದೂ ತಿಳಿಯದಿರಲಿ ಎಂದು. ನಾಲ್ಕು ವರ್ಷ ಕಳೆದರೆ ನಾನು ಹೊರಗೆ ಬರುತ್ತೇನೆ. ಅವ್ವನಿಗೆ ಅರವತ್ತೊಂದು. ನೀನು ಇನ್ನೂ ಬದುಕಬೇಕಾದವಳು. ಸತ್ತವಳು ಬರುವುದಿಲ್ಲ.

ನಿನ್ನ ಅಣ್ಣ


ನರಗುಂದ
20 ಫೆಬ್ರುವರಿ 2025

ಹೇಮಂತನಿಗೆ,

ನಿನ್ನ ಕಾಗದ ಸುಟ್ಟಿಲ್ಲ.

ನಿನ್ನನ್ನು ಕೊಲೆಗಾರ ಎಂದದ್ದು ತಪ್ಪು ತಿಳುವಳಿಕೆಯಿಂದ. ಅದಕ್ಕೆ ಕ್ಷಮೆ ಕೇಳೋಣವೆಂದು ಪೆನ್ನು ಹಿಡಿದೆ. ಕೇಳಲು ಆಗಲಿಲ್ಲ. ಬಾಟಲಿ ಕೊಟ್ಟವನು ಒಂದು ಕ್ಷಣದ ಸಿಟ್ಟಿನಲ್ಲಿ ಕೊಡುತ್ತಾನೆ. ನೀನು ಬಣ್ಣ ಕೇಳಿ ತಿಳಿದುಕೊಂಡು, ಮೂರು ತಾಸು ನಿಂತೆ.

ನಮ್ಮ ಮನೆಯಿಂದ ದವಾಖಾನೆಗೆ ರಿಕ್ಷಾದಲ್ಲಿ ಹತ್ತು ನಿಮಿಷ. ಈ ವಿಷಕ್ಕೆ ಅಟ್ರೋಪಿನ್ ಎಂಬ ಪ್ರತಿವಿಷ ಇದೆ. ಸಣ್ಣ ಆಂಪೂಲು, ಎಲ್ಲೆಡೆ ಸಿಗುವಂಥದ್ದು. ಎದೆಯ ನೀರು ಆರುವವರೆಗೂ ಕೊಡುತ್ತಲೇ ಹೋಗಬೇಕು. ಮೊದಲ ತಾಸಿನಲ್ಲಿ ಬಂದವರು ಬಹಳ ಮಂದಿ ನಡೆದುಕೊಂಡೇ ಮನೆಗೆ ಹೋಗುತ್ತಾರೆ ಎಂದು ಸರ್ ಹೇಳಿದ್ದಾರೆ. ಆ ಪ್ರತಿವಿಷದ ಹೆಸರು ನಿನ್ನ ಬಾಟಲಿಯ ಚೀಟಿಯ ಮೇಲೆ ಕನ್ನಡದಲ್ಲೇ ಅಚ್ಚಾಗಿರುತ್ತದೆ. ನೀನು ಓದಿರುತ್ತೀ.

ಸವಡಿಯವರು ಆಮೇಲೆ ಹೇಳಿಕಳಿಸಲಿಲ್ಲ, ನೆನಪಿದೆಯೇ? ಹುಡುಗಿ ಕಪ್ಪು ಎಂದರಂತೆ.

ನಿನ್ನೆ ರೋಣದ ಠಾಣೆಗೆ ಹೋಗಿ ಹೇಳಿಕೆ ಬರೆದುಕೊಟ್ಟೆ. ನಿನ್ನ ಕಾಗದವನ್ನೂ ಕೊಟ್ಟೆ. ಅವ್ವನ ಹೆಸರು, ನಿನ್ನ ಹೆಸರು, ನನ್ನದು ಮೂರೂ ಅದರಲ್ಲಿವೆ. ನನ್ನ ಒಳಿತಿಗೆ ಎಂದು ಇನ್ನೊಮ್ಮೆ ಬರೆಯಬೇಡ.

ಅರ್ಚನಾ


ಕೇಂದ್ರ ಕಾರಾಗೃಹ, ಬಳ್ಳಾರಿ
17 ಮಾರ್ಚ್ 2025

ಅರ್ಚನಾ ದತ್ತಾತ್ರೇಯ ಅವರಿಗೆ,

ಅವ್ವನನ್ನು ಠಾಣೆಗೆ ಕರೆಸಿ ಸಂಜೆಯವರೆಗೆ ಕೂರಿಸಿದ್ದರಂತೆ. ಲೀಲಾಬಾಯಿ ದತ್ತಾತ್ರೇಯ, ಮಾಸ್ತರರ ಹೆಂಡತಿ, ಬೆಂಚಿನ ಮೇಲೆ. ಅವಳ ಮಗಳು ಔಷಧಶಾಸ್ತ್ರ ಕಲಿತದ್ದಕ್ಕೆ ಸಿಕ್ಕ ಸನ್ಮಾನ.

ಮೇಲ್ಮನವಿ ಹಿಂದೆ ತೆಗೆದುಕೊಂಡಿದ್ದೇನೆ. ನನ್ನ ಭೇಟಿಯ ಪಟ್ಟಿಯಿಂದ ನಿಮ್ಮ ಹೆಸರು ಹೊಡೆಸಿದ್ದೇನೆ. ಇನ್ನು ಕಾಗದ ಬಂದರೆ ತೆಗೆದುಕೊಳ್ಳುವುದಿಲ್ಲ.

ನನ್ನ ಹೆಂಡತಿಗಾಗಿ ನಿಮಗೆ ಈಗ ಹುಟ್ಟಿದ ಕರುಳು ಅಂದು ತಾಟು ಹಿಡಿದು ನಿಂತಾಗ ಎಲ್ಲಿತ್ತು?

ಹೇಮಂತ


ನರಗುಂದ
22 ಜೂನ್ 2025

ಹೇಮಂತನಿಗೆ,

ಇದು ನಿನ್ನ ಕೈಗೆ ಬರುತ್ತದೋ ಇಲ್ಲವೋ. ನೀನು ಕೇಳಿದ ಕೊನೆಯ ಪ್ರಶ್ನೆಗೆ ಉತ್ತರ ಕೊಡುವುದು ಉಳಿದಿತ್ತು.

ಮೊದಲು ಸುದ್ದಿ. ಅವ್ವನ ಮೇಲೆ ಕೇಸು ದಾಖಲಾಗಿ ಜಾಮೀನು ಸಿಕ್ಕಿದೆ. ನಾನೂ ಕೋರ್ಟಿನಲ್ಲಿ ನಿಲ್ಲಬೇಕು. ಅವ್ವ ಈಗ ಕೆಳಗೆ ಮಾಮನ ಪಡಸಾಲೆಯಲ್ಲೇ ಇರುತ್ತಾಳೆ, ನಾನು ಮಾಡಿದ ಅಡಿಗೆ ಮುಟ್ಟುವುದಿಲ್ಲ. ಗುಳಿಗೆಯನ್ನು ಮಾತ್ರ ನನ್ನ ಕೈಯಿಂದ ತೆಗೆದುಕೊಳ್ಳುತ್ತಾಳೆ, ಮುಖ ಆಚೆ ತಿರುಗಿಸಿ. ನಾನು ಪರೀಕ್ಷೆ ಬರೆದಿದ್ದೇನೆ. ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಾಗಿದೆ. ಶಶಿಕಾಂತ ಸರ್ ಒಬ್ಬರೇ ಮೊದಲಿನ ಹಾಗೆ ಮಾತಾಡಿಸುತ್ತಾರೆ.

ಹೋದ ಗುರುವಾರ ಗಜೇಂದ್ರಗಡಕ್ಕೆ ಹೋಗಿದ್ದೆ, ವೈನಿಯ ತವರಿಗೆ. ಪೊಲೀಸರು ಅವರಿಗೆ ಆಗಲೇ ತಿಳಿಸಿದ್ದರು. ಆದರೆ ಅದನ್ನು ನನ್ನ ಬಾಯಿಂದ ಅವರು ಕೇಳಬೇಕಿತ್ತು. ಬಾಗಿಲಲ್ಲಿ ನಿಂತು ಹೆಸರು ಹೇಳಿದಾಗ ವೈನಿಯ ಅಪ್ಪ ಚಂದ್ರಶೇಖರಪ್ಪ ಮಗ್ಗದ ಕುಣಿಯಿಂದ ಮೇಲೆ ಬಂದು, ನನ್ನನ್ನು ನೋಡದೆ ಹೊರಗೆ ಹೊರಟುಹೋದರು. ವೈನಿಯ ತಾಯಿ ಹನುಮವ್ವ ರಾಟೆಯ ಮುಂದೆ ಕುಳಿತು ನೂಲಿನ ಕಂಡಿಕೆ ಸುತ್ತುತ್ತಿದ್ದರು. ಕೂಡು ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ನಾನು ನೆಲದ ಮೇಲೆ ಕುಳಿತು ಎಲ್ಲ ಹೇಳಿದೆ. ಫೋನು, ಸೀಗೆಕಾಯಿ, ಸೀರೆ, ಪಡಸಾಲೆ, ಶಂಕರಪೋಳಿ. ಅವರ ಕೈ ನಡೆಯುತ್ತಲೇ ಇತ್ತು.

ಮುಗಿದ ಮೇಲೆ ಕೇಳಿದರು, "ನೀ ಇದನ್ನ ಓದೀದಿ ಅಂತಾರ. ಆ ಹೊತ್ತಿನ್ಯಾಗ ದವಾಖಾನಿಗೆ ಒಯ್ದಿದ್ರ ಉಳೀತಿದ್ಲೇನ?"

ಗೊತ್ತಿಲ್ಲ ಎನ್ನಬಹುದಿತ್ತು. ಬಸ್ಸಿನಲ್ಲಿ ಬರುತ್ತ ಹಾಗೇ ಹೇಳಬೇಕೆಂದುಕೊಂಡಿದ್ದೆ. ಆದರೆ ನನಗೆ ಗೊತ್ತಿತ್ತು.

"ಉಳೀತಿದ್ಲರಿ" ಎಂದೆ. "ಒಂಬತ್ತಕ್ಕ ಒಯ್ದಿದ್ರೂ ಭಾಳ ಮಾಡಿ ಉಳೀತಿದ್ಲು."

ರಾಟೆ ನಿಂತಿತು. ಆಮೇಲೆ ಅವರು, "ನೀ ಒಳಗ ಹೋದಾಗ ಆಕಿ ಏನರ ಅಂದ್ಲೇನ?" ಎಂದರು.

ಹೇಮಂತ, ಇದನ್ನು ನಾನು ನಿನಗೆ ಬರೆದಿರಲಿಲ್ಲ. ಠಾಣೆಯಲ್ಲೂ ಬರೆಸಿರಲಿಲ್ಲ. ನಾನು ಕಂಡದ್ದನ್ನೆಲ್ಲ ಹೇಳಿದೆ, ಕೇಳಿದ್ದನ್ನು ಹೇಳಲಿಲ್ಲ. ವೈನಿ ಅಂದು ಮಾತಾಡಿದ್ದಳು. ನಾನು ಡಬ್ಬಿ ಎತ್ತಿಕೊಂಡು ತಿರುಗಿದಾಗ ನನ್ನ ಸೀರೆಯ ನೆರಿಗೆ ಹಿಡಿದಳು. ಹಿಡಿತದಲ್ಲಿ ಬಲವೇ ಇರಲಿಲ್ಲ. "ಅರ್ಚನಾ, ನನ್ನ ದವಾಖಾನಿಗೆ ಕರಕೊಂಡ ನಡಿ" ಎಂದಳು. ತಲೆಶೂಲೆಗೆ ದವಾಖಾನೆ ಯಾಕೆ ಎಂದುಕೊಂಡೆ. ಹೊಸ ಸೀರೆ ಮುದುಡೀತು ಎಂದೂ ಅಂದುಕೊಂಡೆ. ಅವಳ ಬೆರಳು ಬಿಡಿಸಿ, "ಚಹಾ ಕೊಟ್ಟು ಬರತೀನಿ ವೈನಿ, ಜರಾ ತಡಿ" ಎಂದೆ. ಮತ್ತೆ ಹೋಗಲಿಲ್ಲ. ಹುಡುಗನ ತಾಯಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡು ಬರುತ್ತದೇನು ಎಂದು ಕೇಳುತ್ತಿದ್ದಳು.

ನನ್ನ ಕರುಳು ಅಂದು ಎಲ್ಲಿತ್ತು ಎಂದು ಕೇಳಿದೆಯಲ್ಲ, ಅಲ್ಲಿತ್ತು.

ಹನುಮವ್ವನಿಗೆ ಇದನ್ನು ಹೀಗೇ ಹೇಳಿದೆ. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಅವರು ನನ್ನ ಮುಖ ನೋಡಲಿಲ್ಲ. ಮಗ್ಗದ ಕಡೆ ನೋಡುತ್ತ ತಮ್ಮಷ್ಟಕ್ಕೇ ಅಂದರು, "ಹಂಗಾದ್ರ ಆಕಿಗೆ ಬದುಕಬೇಕಾಗಿತ್ತು." ಇನ್ನೊಮ್ಮೆ ಅದನ್ನೇ ಅಂದರು. ಮಗಳು ತಮ್ಮೆಲ್ಲರನ್ನೂ ಬೇಡವೆಂದು ಹೋದಳು ಎಂದೇ ಆ ತಾಯಿ ಮೂರೂವರೆ ವರ್ಷ ತಿಳಿದಿದ್ದರು.

ಆಮೇಲೆ ಎದ್ದು ಬಾಗಿಲು ಪೂರ್ತಿ ತೆರೆದರು. "ಹೋಗಿನ್ನ. ಬಸ್ ಐತಿ" ಎಂದರು.

ಮರುದಿನ ರೋಣಕ್ಕೆ ಹೋಗಿ, ಹೇಳಿಕೆಯಲ್ಲಿ ವೈನಿಯ ಮಾತನ್ನೂ ನಾನು ಕೊಟ್ಟ ಉತ್ತರವನ್ನೂ ಸೇರಿಸಿ ಬರೆಸಿದೆ. ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ, "ಇದು ನಿಮಗ ತ್ರಾಸ ಆಗತದ ನೋಡ್ರಿ" ಎಂದರು. ಹೌದು ಎಂದು ಸಹಿ ಮಾಡಿದೆ.

ಅರ್ಚನಾ